ಕೆರೆಯ ಮೇಲೆ ನಿಂತ ಕಂಡಕ್ಟರ್ ತ್ರಿವೇಣಿ

ಕಡೂರಿನಿಂದ ಬೀರೂರು, ಅಜ್ಜಂಪುರದ ಮೇಲೆ ತರೀಕೆರೆಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲುವುದು ಎಲ್ಲರಿಗೂ ಆಗುವ ಮಾತಲ್ಲ. ರಸ್ತೆ ಒಂದು ಕಡೆ ನುಣ್ಣಗಿದ್ದರೆ ಇನ್ನೊಂದು ಕಡೆ ಹಂಪು, ಮತ್ತೊಂದು ಕಡೆ ಪೈಪಿಗೆ ಅಗೆದು ಅರೆಬರೆ ಮುಚ್ಚಿದ ಗುಂಡಿ. ಕಂಡಕ್ಟರ್ ತ್ರಿವೇಣಿ ಮಾತ್ರ ವರ್ಷಗಟ್ಟಲೆ ಹಾಗೇ ನಿಂತವಳು. ಒಂದು ಕೈಯಲ್ಲಿ ಟಿಕೆಟ್ ಮೆಷಿನ್ನು, ಇನ್ನೊಂದರಲ್ಲಿ ಚಿಲ್ಲರೆ. ಬಸ್ಸು ಎತ್ತ ವಾಲಿದರೂ ಅವಳ ಸೊಂಟ ತಾನಾಗಿ ಅದರ ಎದುರು ದಿಕ್ಕಿಗೆ ಬಾಗುತ್ತಿತ್ತು. "ನಿನ್ ಕಾಲಿಗೆ ಅಂಟು ಹಚ್ಕಂಡಿದ್ದೀಯೇನೇ?" ಎಂದು ಸಂತೆಗೆ ಹೊರಟ ಹೆಂಗಸರು ನಗಾಡುತ್ತಿದ್ದರು.

ಆ ಕಾಲೇ ಒಂದು ಸಂಜೆ ಮುರಿಯಿತು.

ಅವತ್ತು ಅವಳಿಗೆ ವಾರದ ರಜೆ. ಬೀರೂರಿನಲ್ಲಿ ಯಾರದೋ ನಾಮಕರಣ ಮುಗಿಸಿಕೊಂಡು ಸ್ಕೂಟರಿನಲ್ಲಿ ಅಜ್ಜಂಪುರಕ್ಕೆ ಬರುತ್ತಿದ್ದಳು. ಹೊಲದ ಬದುವಿನಿಂದ ಎಮ್ಮೆ ಕರುವೊಂದು ದಡಕ್ಕನೆ ರಸ್ತೆಗೆ ನೆಗೆಯಿತು. ಅದನ್ನು ಉಳಿಸಲು ಹೋಗಿ ಇವಳು ರಸ್ತೆ ಪಕ್ಕದ ಜಲ್ಲಿಯ ಮೇಲೆ ಉರುಳಿದಳು. ಸ್ಕೂಟರು ಮೇಲೆ, ಎಡಗಾಲು ಕೆಳಗೆ. ಮಂಡಿಯ ಕೆಳಗಿನ ಮೂಳೆ ಎರಡು ಕಡೆ ಮುರಿದಿತ್ತು. ಒಂದು ಲಾರಿ ಹೋಯಿತು. ಒಂದು ಕಾರು ಸ್ವಲ್ಪ ನಿಧಾನ ಮಾಡಿ ಮುಂದೆ ಹೋಯಿತು. ಕತ್ತಲಾಗುತ್ತಿತ್ತು. ಇನ್ನು ಯಾರೂ ನಿಲ್ಲಲ್ಲ ಎಂದು ತ್ರಿವೇಣಿಗೆ ಅನ್ನಿಸಿಬಿಟ್ಟಿತು. ನೋವಿಗಿಂತ ಆ ಅನ್ನಿಸಿಕೆಯೇ ಹೆಚ್ಚು ಭಾರವಾಗಿತ್ತು.

ಆಮೇಲೆ ಬಂದದ್ದು ಅವಳದೇ ರೂಟಿನ ಬಸ್ಸು. ಡ್ರೈವರ್ ನಾಗೇಶ್, ಅವಳ ಜೊತೆ ಎಷ್ಟೋ ವರ್ಷ ಡ್ಯೂಟಿ ಮಾಡಿದವನು, ಲೈಟಿನಲ್ಲಿ ಸ್ಕೂಟರ್ ನೋಡಿಯೇ ಗುರುತು ಹಿಡಿದ. ಬಸ್ಸು ತುಂಬಾ ಜನ. ಅವರಲ್ಲಿ ತರೀಕೆರೆ ಆಸ್ಪತ್ರೆಯ ನರ್ಸ್ ಭುವನಾ ಕೂಡ ಇದ್ದಳು, ರಾತ್ರಿ ಪಾಳಿಗೆ ಹೊರಟವಳು. ಅವಳು ಇಳಿದು ಬಂದವಳೇ ಯಾರದೋ ಕೊಡೆ ಇಸಕೊಂಡಳು. ತನ್ನ ದುಪ್ಪಟ್ಟಾ ಹರಿದು ಕೊಡೆಯನ್ನು ಕಾಲಿಗೆ ಆನಿಸಿ ಕಟ್ಟಿದಳು. ಹಿಂದಿನ ಸೀಟಿನವರು ಎದ್ದು ಜಾಗ ಮಾಡಿದರು. ನಾಲ್ಕು ಜನ ಎತ್ತಿ ಉದ್ದಕ್ಕೆ ಮಲಗಿಸಿದರು. ನಾಗೇಶ್ ಹಿಂದೆ ತಿರುಗಿ, "ಅಜ್ಜಂಪುರದಾಗೆ ಇಳಿಯೋರು ಬಿಟ್ರೆ ಇನ್ನೆಲ್ಲೂ ನಿಲ್ಸಲ್ಲ, ಸೀದಾ ಆಸ್ಪತ್ರೆಗೆ. ಯಾರಿಗಾದ್ರೂ ತಕರಾರಿದ್ರೆ ಈಗ್ಲೇ ಹೇಳ್ಬಿಡಿ" ಅಂದ. ಅಜ್ಜಂಪುರದಲ್ಲಿ ಇಳಿಯಬೇಕಾಗಿದ್ದವರಲ್ಲೂ ಕೆಲವರು ಇಳಿಯದೆ ಆಸ್ಪತ್ರೆಯವರೆಗೆ ಬಂದರು.

ತರೀಕೆರೆಯವರು ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಆಪರೇಷನ್ ಆಗಿ ಕಾಲಿಗೆ ರಾಡ್ ಹಾಕಿ ಮನೆಗೆ ಕಳಿಸಿದರು. ಮನೆ ಅಂದರೆ ಅಜ್ಜಂಪುರದ ಸ್ಟೇಷನ್ ಹಿಂದಿನ ಬೀದಿಯ ಎರಡು ಕೋಣೆ. ಗೋಡೆಯ ಮೇಲೆ ಅಪ್ಪ ಹಾಕಿಸಿದ್ದ ಬುದ್ಧನ ಪಟ. ತ್ರಿವೇಣಿಗೆ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ತಾಯಿ ಅಣ್ಣನ ಜೊತೆ ಇದ್ದಳು, ಅವಳಿಗೇ ಇನ್ನೊಬ್ಬರ ಆಸರೆ ಬೇಕು. ಮಂಚದ ಮೇಲೆ ಮಲಗಿ ಸೂರು ನೋಡುತ್ತಿದ್ದ ಮೊದಲ ಬೆಳಿಗ್ಗೆ ಬಾಗಿಲಲ್ಲಿ ಮೀನಾಕ್ಷಮ್ಮ ನಿಂತಿದ್ದರು, ಕೈಯಲ್ಲಿ ಸ್ಟೀಲ್ ಡಬ್ಬಿ.

ಮೀನಾಕ್ಷಮ್ಮ ಮುಂದಿನ ಬೀದಿಯವರು, ಅರವತ್ತು ದಾಟಿದವರು, ತೆಂಗಿನ ತೋಟದ ಮನೆಯವರು. ಬಸ್ಸಿನಲ್ಲಿ ಕಂಡು ಮಾತಾಡಿಸಿದ್ದು ಬಿಟ್ಟರೆ ಈ ಮನೆಯ ಹೊಸಿಲು ಅವರು ದಾಟಿದ್ದೇ ಇಲ್ಲ. ಅವತ್ತು ಒಂದು ಗಳಿಗೆ ನಿಂತರು, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಬೆನ್ನಿಗೆ ದಿಂಬು ಕೊಟ್ಟು ಎಬ್ಬಿಸಿ ಕೂರಿಸಿ ಇಡ್ಲಿ ತಿನ್ನಿಸಿದರು. ಮಾರನೇ ದಿನ ಮೈ ಒರೆಸಿದರು. ಅದರ ಮಾರನೇ ದಿನ ಬೆಡ್‌ಪ್ಯಾನು ತೊಳೆದರು. ತ್ರಿವೇಣಿ ನಾಚಿಕೆಯಿಂದ ಮುಖ ಗೋಡೆಗೆ ತಿರುಗಿಸಿದರೆ, "ಇತ್ತ ತಿರುಗೇ, ಮೈ ಅಂದ್ಮೇಲೆ ಎಲ್ಲಾ ಇರ್ತದೆ" ಅಂದರು. ಅವರ ಬೀದಿಯಲ್ಲಿ ಒಂದಿಬ್ಬರು ಜಾತಿ ಎತ್ತಿ ಗೊಣಗಿದ್ದು ತ್ರಿವೇಣಿಯ ಕಿವಿಗೂ ಬಿತ್ತು. ಮೀನಾಕ್ಷಮ್ಮ ಅವರಿಗೆ ಕೊಟ್ಟ ಉತ್ತರವೂ ಬಿತ್ತು: "ನಂಗೆ ಸೊಂಟ ಹಿಡ್ಕಂಡಿದ್ದಾಗ ಬಸ್ ನಿಲ್ಸಿ, ಕೆಳಗಿಳ್ದು ಕೈ ಹಿಡ್ದು ಹತ್ತಿಸ್ಕಂತಿದ್ಲು. ಅವಾಗ ನೀವ್ಯಾರೂ ಬರ್ಲಿಲ್ಲವಲ್ಲ!"

ಭುವನಾ ಪಾಳಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಇಳಿದು ಕಾಲಿನ ವ್ಯಾಯಾಮ ಮಾಡಿಸುತ್ತಿದ್ದಳು. ಬೈಯುತ್ತಿದ್ದಳು, ಎಣಿಸುತ್ತಿದ್ದಳು, ಅತ್ತರೆ ಕಾಯುತ್ತಿದ್ದಳು, ಮತ್ತೆ ಎಣಿಸುತ್ತಿದ್ದಳು. ನಾಗೇಶ್ ತಪಾಸಣೆಗೆಂದು ಶಿವಮೊಗ್ಗಕ್ಕೆ ಪ್ರತಿ ಸಲವೂ ತನ್ನ ರಜೆ ಹಾಕಿ ಕರೆದೊಯ್ದ. ಹೀಗೆ ಮಳೆಗಾಲ ಪೂರ್ತಿ ಕಳೆದು, ಚಳಿ ಬಂದು, ಬೇಸಿಗೆ ಕಾಲಿಟ್ಟ ಹೊತ್ತಿಗೆ ತ್ರಿವೇಣಿ ಮತ್ತೆ ಬಸ್ಸು ಹತ್ತಿದಳು. ಸ್ವಲ್ಪ ಕುಂಟು ಉಳಿಯಿತು. ಎಡ ಮಂಡಿ ಪೂರ್ತಿ ಮಡಚುವುದಿಲ್ಲ, ನೆಲಕ್ಕೆ ಊರಲಾಗುವುದಿಲ್ಲ. ನಿಲ್ಲಲು ಮಾತ್ರ ಅಡ್ಡಿಯಿಲ್ಲ.

ಆ ವರ್ಷವೇ ನಾಗೇಶನ ಮನೆಯವರು ಉಡುಪಿ ಕಡೆ ಹೊರಟಾಗ ಅವಳನ್ನೂ ಕರೆದುಕೊಂಡು ಹೋದರು. ದಾರಿಯಲ್ಲಿ ಒಂದು ಹೊಳೆ ಸಮುದ್ರ ಸೇರುವ ಕಡೆ ಊಟಕ್ಕೆ ನಿಂತರು. ಅಲ್ಲಿ ಕೆಲವರು ಉದ್ದನೆಯ ಹಲಗೆಯಂಥದರ ಮೇಲೆ ನಿಂತು, ಉದ್ದ ಕೋಲಿನ ಹುಟ್ಟು ಹಾಕುತ್ತಾ ನೀರಿನ ಮೇಲೆ ನಡೆದಾಡುವವರ ಹಾಗೆ ಹೋಗುತ್ತಿದ್ದರು. ಅದನ್ನು ಕಲಿಸುತ್ತಿದ್ದ ಹುಡುಗಿ ಇವರ ಮಾತು ಕೇಳಿ ಹತ್ತಿರ ಬಂದಳು. "ನೀವು ನಮ್ ಕಡೆಯೋರಲ್ವಾ? ನಾನು ತರೀಕೆರೆಯವಳು, ಸ್ಪೂರ್ತಿ" ಅಂದಳು. ಪ್ಯಾಡಲ್ ಬೋರ್ಡ್ ಅಂತಾರೆ ಇದಕ್ಕೆ, ಬನ್ನಿ ಒಂದ್ಸಲ ನಿಂತು ನೋಡಿ ಅಂತ ಕರೆದಳು. ನಾಗೇಶನ ಹೆಂಡತಿ ಬೇಡವೇ ಬೇಡ ಅಂದಳು. ತ್ರಿವೇಣಿಗೆ ಏನನ್ನಿಸಿತೋ, ಲೈಫ್ ಜಾಕೆಟ್ ಹಾಕಿಸಿಕೊಂಡು ಮೊಣಕಾಲುದ್ದದ ನೀರಿಗಿಳಿದಳು.

ಮಂಡಿಯೂರಿ ಶುರು ಮಾಡಬೇಕು ಅಂದಳು ಸ್ಪೂರ್ತಿ. ಇವಳಿಂದ ಅದು ಆಗಲಿಲ್ಲ. ಬೋರ್ಡಿನ ಮೇಲೆ ಕೂತು, ಒಳ್ಳೆಯ ಕಾಲಿನ ಮೇಲೆ ಭಾರ ಹಾಕಿ, ಸ್ಪೂರ್ತಿಯ ಭುಜ ಹಿಡಿದು ಎದ್ದಳು. ಬೋರ್ಡು ವಾಲಿತು. ಸೊಂಟ ಎದುರಿಗೆ ಬಾಗಿತು. ಬೋರ್ಡು ಇತ್ತ ವಾಲಿತು. ಮಂಡಿ ಸಡಿಲವಾಯಿತು. ಬೀಳಲಿಲ್ಲ.

ಸ್ಪೂರ್ತಿ ಕಣ್ಣರಳಿಸಿದಳು. "ಅಕ್ಕಾ, ಇದನ್ನ ಮೊದ್ಲು ಎಲ್ಲಿ ಕಲ್ತಿದ್ರಿ?"

"ಕಡೂರು ತರೀಕೆರೆ ರೂಟಲ್ಲಿ" ಎಂದು ದಡದಿಂದ ನಾಗೇಶ್ ಕೂಗಿದ.

ತ್ರಿವೇಣಿ ನಗಲಿಲ್ಲ. ಅವಳ ಕಣ್ಣು ತುಂಬಿಕೊಂಡಿತ್ತು. ಒಂದು ವರ್ಷದ ಹಿಂದೆ ಬಚ್ಚಲಿಗೆ ಹೋಗಲೂ ಇಬ್ಬರ ಹೆಗಲು ಬೇಕಾಗಿದ್ದವಳು ಈಗ ನೀರಿನ ಮೇಲೆ ಎದ್ದು ನಿಂತಿದ್ದಳು. ಇದನ್ನು ಮೀನಾಕ್ಷಮ್ಮ ನೋಡಬೇಕಾಗಿತ್ತು, ಭುವನಾ ನೋಡಬೇಕಾಗಿತ್ತು ಎಂದು ಮೊದಲು ಅನ್ನಿಸಿತು. ಬರೀ ನೋಡುವುದಲ್ಲ, ಅವರೂ ನಿಲ್ಲಬೇಕು ಎಂದು ಆಮೇಲೆ ಅನ್ನಿಸಿತು. ಅವರಿಗೆ ಸೀರೆ ಕೊಡಿಸುವುದು, ಊಟಕ್ಕೆ ಕರೆಯುವುದು ಯಾವುದೂ ಅವಳಿಗೆ ಸಾಲದೆನಿಸಿತ್ತು. ಕೊಟ್ಟರೆ ಇಂಥದೊಂದು ಬೆಳಿಗ್ಗೆಯನ್ನು ಕೊಡಬೇಕು.

ಊರಿಗೆ ಬಂದು ಆ ಮಾತು ತೆಗೆದರೆ ಭುವನಾ ಕುಣಿದಳು. ಮೀನಾಕ್ಷಮ್ಮ ಮಾತ್ರ ಸುಮ್ಮನೆ ಕೇಳಿಸಿಕೊಂಡು, "ನೀರಿನ ಮೇಲೆ ಸೈಕಲ್ ಹೊಡ್ದಂಗಾ?" ಅಂದರು.

"ಸೈಕಲ್ಲಿಗಿಂತ ಸಲೀಸು ಕಣಮ್ಮಾ."

"ನಂಗೆ ಸೈಕಲ್ಲೂ ಬರಲ್ಲ. ಆದ್ರೂ ಬತ್ತೀನಿ."

ಅಲ್ಲಿಂದ ತ್ರಿವೇಣಿಯ ತಯಾರಿ ಶುರುವಾಯಿತು. ಕರೆದುಕೊಂಡು ಹೋಗುವುದು ತಾನು. ಏನಾದರೂ ಹೆಚ್ಚುಕಮ್ಮಿಯಾದರೆ ಅದರ ಹೊಣೆಯೂ ತನ್ನದೇ. ತನ್ನನ್ನು ಎತ್ತಿ ನಿಲ್ಲಿಸಿದವರನ್ನೇ ನೀರಿಗೆ ಕೆಡವಿದೆ ಅನ್ನುವಂತಾಗಬಾರದು ಎನ್ನುವ ಅಂಜಿಕೆ ಅವಳನ್ನು ಬಿಡಲಿಲ್ಲ. ಡ್ಯೂಟಿ ಮುಗಿದ ಮೇಲೆ ಸ್ಪೂರ್ತಿಗೆ ಫೋನ್ ಮಾಡುವುದು ದಿನಚರಿಯಾಯಿತು. ಗಾಳಿ ತುಂಬಿ ಉಬ್ಬಿಸುವ ಬೋರ್ಡುಗಳಿವೆ, ಮಡಚಿದರೆ ದೊಡ್ಡ ಬ್ಯಾಗಿನೊಳಗೆ ಹಿಡಿಸುತ್ತವೆ, ಊರಿಗೆ ಬರುವಾಗ ತರುತ್ತೇನೆ, ನಮ್ಮ ಕಡೆಯ ಕೆರೆಯೊಂದರಲ್ಲೇ ಮಾಡೋಣ ಎಂದು ಸ್ಪೂರ್ತಿ ಒಪ್ಪಿಕೊಂಡಳು. ಆದರೆ ಒಂದು ಷರತ್ತು ಹಾಕಿದಳು. "ಅಕ್ಕಾ, ಕೆರೆ ಮೇಲಿಂದ ನೋಡಿದ್ರೆ ಕನ್ನಡಿ ಥರ ಇರುತ್ತೆ. ಒಳಗೇನಿದೆ ಅಂತ ತಿಳ್ಕೊಳ್ಳದೆ ನಾನು ಒಬ್ರನ್ನೂ ಇಳಿಸಲ್ಲ."

ಆ ವರ್ಷ ಮಳೆ ಚೆನ್ನಾಗಿತ್ತು, ಸುತ್ತಲಿನ ಕೆರೆಗಳೆಲ್ಲ ತುಂಬಿದ್ದವು. ತ್ರಿವೇಣಿ ತನ್ನ ರಜೆಯ ದಿನಗಳಲ್ಲಿ ಸ್ಕೂಟರು ತೆಗೆದುಕೊಂಡು ಕೆರೆ ನೋಡಲು ಹೊರಟಳು. ಹಿರೇನಲ್ಲೂರು ಕಡೆಯ ಒಂದರಲ್ಲಿ ಕಾಲಿಡಲಾಗದಷ್ಟು ಜೊಂಡು. ಇನ್ನೊಂದಕ್ಕೆ ಊರಿನ ಚರಂಡಿ ನೀರು ಬಂದು ಸೇರುತ್ತಿತ್ತು. ಕೊನೆಗೆ ಮನಸ್ಸಿಗೆ ಹಿಡಿಸಿದ್ದು ಅಜ್ಜಂಪುರದಿಂದ ತರೀಕೆರೆಗೆ ಹೋಗುವ ದಾರಿಯ ಗೌರಿಕೆರೆ. ಏರಿಯ ಪಕ್ಕದಲ್ಲೇ ಬಸ್ಸು ಹಾಯುವುದರಿಂದ ವರ್ಷಗಟ್ಟಲೆ ಕಿಟಕಿಯಿಂದ ನೋಡಿದ ನೀರು. ಪಂಚಾಯಿತಿಯವರು ಮೊದಲು ತಲೆಯಾಡಿಸಲಿಲ್ಲ. ಆಮೇಲೆ, ಮೀನುಗಾರರ ಸಂಘದ ಅಂಜಿನಪ್ಪ ಜೊತೆಗಿದ್ದರೆ ಮಾತ್ರ ಆಗಬಹುದು ಎಂದರು.

ಅಂಜಿನಪ್ಪ ಏರಿಯ ಮೇಲೆ ಬಲೆ ಹೊಲಿಯುತ್ತಾ ಕೂತಿದ್ದ. ಇವಳ ಮಾತು ಪೂರ್ತಿ ಕೇಳಿಸಿಕೊಂಡು, "ಮೀನಿಗಲ್ಲ, ಬಟ್ಟೆ ಒಗೆಯಕ್ಕಲ್ಲ, ಸುಮ್ನೆ ನಿಂತ್ಕಳಕ್ಕೆ ನೀರಿಗಿಳೀತೀರಾ?" ಅಂದ.

"ಹೂಂ ಕಣಣ್ಣ. ಸುಮ್ನೆ."

ಅವನಿಗೆ ಅದು ಇಷ್ಟವಾಯಿತೋ ಏನೋ, ಬಲೆ ಕೆಳಗಿಟ್ಟು ಎದ್ದ. ತನ್ನ ದುಂಡನೆಯ ತೆಪ್ಪದಲ್ಲಿ ಅವಳನ್ನು ಕೂರಿಸಿಕೊಂಡು, ಬಿದಿರು ಗಳದಿಂದ ಆಳ ನೋಡುತ್ತಾ ಅರ್ಧ ಕೆರೆ ಸುತ್ತಿಸಿದ. ತೂಬಿನ ಹತ್ತಿರ ನೀರು ಮೇಲೆ ಶಾಂತ, ಕೆಳಗೆ ಎಳೆತ. ಕೋಡಿಯ ಕಡೆ ತಲೆ ಹಾಕುವಂತೆಯೇ ಇಲ್ಲ. ನಡುವಿನ ಅಂಗಳದಲ್ಲಿ ಮುಳುಗಿದ ಜಾಲಿ ಮರಗಳು, ಅವುಗಳ ಮುಳ್ಳುಕೊಂಬೆ ನೀರಿನ ಮಟ್ಟಕ್ಕೆ ಚೂರು ಕೆಳಗೇ. ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿಗಳು ಒಂದು ಮಗ್ಗುಲಲ್ಲಿ. ಮೂಡಣ ದಡದಲ್ಲಿ ಮಾತ್ರ ಮರಳುಮಣ್ಣಿನ ಇಳಿಜಾರು, ಸೊಂಟದುದ್ದ ನೀರು ಬಹುದೂರದವರೆಗೆ. ಅಲ್ಲಿಗೇ ಹದ್ದು ಎಂದು ಇಬ್ಬರೂ ತೀರ್ಮಾನಿಸಿದರು. ಅಂಜಿನಪ್ಪ ಖಾಲಿ ಕ್ಯಾನುಗಳನ್ನು ಹಗ್ಗಕ್ಕೆ ಕಟ್ಟಿ ಕಲ್ಲು ಇಳಿಬಿಟ್ಟು ಆ ಹದ್ದಿಗೆ ಗುರುತು ಮಾಡುತ್ತೇನೆ ಅಂದ. ಗಾಳಿಯ ವಿಚಾರವನ್ನೂ ಹೇಳಿದ. ಈ ಕಾಲದಲ್ಲಿ ಬೆಳಿಗ್ಗೆ ಎಲೆ ಅಲ್ಲಾಡಲ್ಲ, ಬಿಸಿಲೇರಿದರೆ ಮೂಡಲ ಗಾಳಿ ಎದ್ದು ಎಲ್ಲವನ್ನೂ ನಡುಕೆರೆಗೆ ನೂಕುತ್ತದೆ. "ಹೊಟ್ಟೆ ಹಸಿಯೋದ್ರೊಳಗೆ ದಡಕ್ಕೆ ಬಂದ್ಬಿಡ್ಬೇಕು, ಅಷ್ಟೇ ತಾಯಿ."

ಇನ್ನು ಉಳಿದದ್ದು ಮನುಷ್ಯರ ಕಡೆಯ ತಯಾರಿ. ಸೀರೆಯುಟ್ಟು ನೀರಿಗಿಳಿದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೀನಾಕ್ಷಮ್ಮ ಜೀವಮಾನದಲ್ಲಿ ಚೂಡಿದಾರ ಹಾಕಿದವರಲ್ಲ. ಸೊಸೆಯದು ಒಂದನ್ನು ಬಾಗಿಲು ಹಾಕಿಕೊಂಡು ತೊಟ್ಟು ನೋಡಿದರು. ಹೊರಗೆ ಬಂದು, "ಸಂತೆ ಮಾಡಕ್ಕೂ ಇದೇ ಆಗೋದು ಕಣೇ, ಇಷ್ಟು ವರ್ಷ ನಂಗ್ಯಾರೂ ಹೇಳೇ ಇಲ್ಲ" ಅಂದರು. ಈಜು ಬರುತ್ತದೆಯೇ ಎಂದು ತ್ರಿವೇಣಿ ಹೆದರಿ ಹೆದರಿ ಕೇಳಿದಾಗ, "ತೋಟದ ಬಾವಿಗೆ ಮೇಲಿಂದ ಹಾರ್ತಿದ್ದೆ, ಮದ್ವೆ ಆದ್ಮೇಲೆ ಬಿಟ್ಟೆ" ಎಂಬ ಉತ್ತರ ಬಂತು. ಈಜು ಬರದವನು ನಾಗೇಶ್. ಲೈಫ್ ಜಾಕೆಟ್ ತನ್ನ ಹೊಟ್ಟೆಗೆ ಹಿಡಿಸುವುದಿಲ್ಲ ಎಂದು ಅವನು ತಗಾದೆ ತೆಗೆದ. "ಜಾಕೆಟ್ ಇಲ್ದೆ ನೀರಿಲ್ಲ ನಾಗೇಶಣ್ಣ, ಟಿಕೆಟ್ ಇಲ್ದೆ ಬಸ್ ಹತ್ತಿಸ್ತೀನಾ ನಾನು?" ಎಂದು ತ್ರಿವೇಣಿ ಅವನ ಬಾಯಿ ಮುಚ್ಚಿಸಿದಳು. ಎಲ್ಲರ ಕೊರಳಿಗೂ ಒಂದೊಂದು ಸೀಟಿ ತಂದಳು. ಆಟದ ಪೀಪಿಯಲ್ಲ, ಕಂಡಕ್ಟರ್ ಸೀಟಿ. ಅದರ ಸದ್ದು ಎಷ್ಟು ದೂರ ಹೋಗುತ್ತದೆ ಎಂದು ಅವಳಿಗೆ ಗೊತ್ತು.

ಸಂಕ್ರಾಂತಿ ಕಳೆದ ಭಾನುವಾರ ಎಲ್ಲರೂ ಗೌರಿಕೆರೆ ಸೇರಿದರು. ಸ್ಪೂರ್ತಿ ಪಂಪಿನಿಂದ ಬೋರ್ಡುಗಳಿಗೆ ಗಾಳಿ ತುಂಬಿದಳು, ಮೀನಾಕ್ಷಮ್ಮ ಚೂಡಿದಾರದಲ್ಲಿ ಠೀವಿಯಿಂದ ನಿಂತರು. ಆದರೆ ಆ ಬೆಳಿಗ್ಗೆ ಎಂದಿನಂತಿರಲಿಲ್ಲ. ಸೂರ್ಯ ಹುಟ್ಟುವ ಮೊದಲೇ ಗಾಳಿ ಎದ್ದಿತ್ತು. ನೀರಿನ ಮೇಲೆ ಸಾಲುಸಾಲಾಗಿ ಬಿಳಿ ನೊರೆ. ಸ್ಪೂರ್ತಿ ತ್ರಿವೇಣಿಯ ಮುಖ ನೋಡಿದಳು. ಅಂಜಿನಪ್ಪ ತೆಪ್ಪವನ್ನು ದಡಕ್ಕೆ ಎಳೆದು ಬೋರಲು ಹಾಕಿದ್ದ. ಅದೇ ಅವನ ಉತ್ತರ.

"ದಡದಾಗೇ ಒಂಚೂರು ನಿಂತ್ಕಂಡ್ರೆ ಏನಾಗ್ತದೆ?" ಅಂದರು ಮೀನಾಕ್ಷಮ್ಮ. ಅವರ ದನಿಯಲ್ಲಿನ ಆಸೆ ಕೇಳಿ ತ್ರಿವೇಣಿಗೆ ಹೂಂ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. "ಬೇಡಮ್ಮಾ. ಇವತ್ತು ಬೇಡ" ಅಂದಳು. ಅಂದವಳೇ ಅತ್ತ ತಿರುಗಿ ಕಣ್ಣೊರೆಸಿಕೊಂಡಳು. ವಾರಗಟ್ಟಲೆ ಕೂಡಿಸಿದ್ದೆಲ್ಲ ಗಾಳಿಗೆ ಹೋಯಿತೆಂದು ಅವಳ ಸಂಕಟ.

ನಾಗೇಶ್ ಬಂದು ಪಕ್ಕದಲ್ಲಿ ನಿಂತ. "ಬ್ರೇಕ್ ಸರಿಯಿಲ್ಲ ಅಂದ್ರೆ ಗಾಡಿ ತೆಗೀತೀವಾ ನಾವು? ಡಿಪೋದಾಗೇ ನಿಲ್ಸಲ್ವಾ? ಬಾ, ಹೊಟ್ಟೆ ಹಸೀತೈತೆ."

ಏರಿಯ ಮರೆಯಲ್ಲಿ ಜಮಖಾನ ಹಾಸಿ ತಂದದ್ದನ್ನು ತಿಂದರು. ಅವರೆಕಾಳಿನ ಉಪ್ಪಿಟ್ಟು, ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಮೀನಾಕ್ಷಮ್ಮ ಬಾವಿಗೆ ಹಾರುತ್ತಿದ್ದ ಕಾಲದ ಕಥೆಗಳನ್ನು ಹೇಳಿದರು. ಒಂದು ಸಲ ಹಾರಿದಾಗ ಜಡೆ ಪಂಪಿನ ಪೈಪಿಗೆ ಸಿಕ್ಕಿಕೊಂಡು, ಅವರಪ್ಪ ಕುಡುಗೋಲಿನಿಂದ ಜಡೆಯನ್ನೇ ಕತ್ತರಿಸಿ ಮೇಲೆತ್ತಿದ್ದನಂತೆ. ಬೋಳುಬೋಳಾಗಿ ಸ್ಕೂಲಿಗೆ ಹೋದದ್ದನ್ನು ಹೇಳುವಾಗ ಅವರಿಗೇ ನಗು ತಡೆಯಲಾಗಲಿಲ್ಲ. ಭುವನಾ ಹೊಟ್ಟೆ ಹಿಡಿದುಕೊಂಡಳು. ನೀರಿಗಿಳಿಯದೆಯೇ ದಿನ ಚೆನ್ನಾಗಿ ಹೋಯಿತು.

ಮುಂದಿನ ಭಾನುವಾರ ಕೆರೆ ಕನ್ನಡಿಯಾಗಿತ್ತು. ಕೆಮ್ಮಣ್ಣುಗುಂಡಿಯ ಬೆಟ್ಟಸಾಲು ತಲೆಕೆಳಗಾಗಿ ನೀರಿನೊಳಗೆ ಮಲಗಿತ್ತು. ಸ್ಪೂರ್ತಿ ಮೊದಲು ಎಲ್ಲರಿಗೂ ಬೀಳುವುದನ್ನು ಕಲಿಸಿದಳು. ಬೋರ್ಡಿನಿಂದ ದೂರಕ್ಕೆ, ಅಂಗಾತವಾಗಿ ಬೀಳಬೇಕು. ಬಿದ್ದ ಮೇಲೆ ಬೋರ್ಡು ಬಿಡಬಾರದು, ಅದೇ ನಿಮ್ಮ ದೋಣಿ. ಅದರ ಹಗ್ಗ ಕಾಲಿಗೆ ಕಟ್ಟಿರುತ್ತದೆ, ಎಳೆದುಕೊಳ್ಳಿ. ಯಾರೇ ತೊಂದರೆಯಲ್ಲಿದ್ದರೂ ಅವರ ಹಿಂದೆ ಇನ್ನೊಬ್ಬರು ನೀರಿಗೆ ಹಾರಬಾರದು, ಸೀಟಿ ಊದಿ, ತೆಪ್ಪ ಬರುತ್ತದೆ. ನಾಗೇಶ್ ಸೊಂಟದುದ್ದ ನೀರಿನಲ್ಲಿ ದಬಾರನೆ ಬಿದ್ದು, ಜಾಕೆಟ್ಟು ಮೇಲೆತ್ತಿದಾಗ ಚೆಂಡಿನಂತೆ ತೇಲಿ, "ಅಯ್ಯೋ, ನಾನು ಮುಳುಗ್ತಾನೇ ಇಲ್ಲ!" ಎಂದು ಕೂಗಿದ. ಐವತ್ತರ ಗಂಡಸಿನ ಮುಖದಲ್ಲಿ ಅಂಥ ಸಂತೋಷವನ್ನು ತ್ರಿವೇಣಿ ನೋಡಿರಲಿಲ್ಲ.

ಭುವನಾ ಎದ್ದಳು, ಬಿದ್ದಳು, ಮತ್ತೆ ಎದ್ದಳು, ಕ್ಯಾನಿನ ಹದ್ದಿನವರೆಗೆ ಹೋಗಿಬಂದಳು. ಮೀನಾಕ್ಷಮ್ಮನವರ ಸರದಿ ಬಂತು. ತ್ರಿವೇಣಿ ನೀರಿನಲ್ಲಿ ನಿಂತು ಬೋರ್ಡು ಹಿಡಿದುಕೊಂಡಳು. ಅವರು ಮಂಡಿಯೂರಿದರು, ಹುಟ್ಟು ಅಡ್ಡ ಹಿಡಿದರು, ಬಹಳ ಹೊತ್ತು ಹಾಗೇ ಇದ್ದರು.

"ನಾನು ಹಿಡ್ಕಂಡಿದ್ದೀನಿ ಕಣಮ್ಮಾ. ಏಳಿ."

"ಬಿಟ್ಬಿಡ್ಬೇಡ."

"ಬಿಡಲ್ಲ."

ಒಂದು ಕಾಲು ಊರಿದರು, ಇನ್ನೊಂದು ಊರಿದರು, ನಡುಗುತ್ತಾ ಎದ್ದರು. ಬೆನ್ನು ನೆಟ್ಟಗಾಯಿತು. ಕೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಮೆಲ್ಲಗೆ, "ಈಗ ಬಿಡು" ಅಂದರು. ತ್ರಿವೇಣಿ ಕೈಬಿಟ್ಟಳು. ಅವರು ಹುಟ್ಟನ್ನು ಒಂದು ಕಡೆ ಹಾಕಿದರು, ಇನ್ನೊಂದು ಕಡೆ ಹಾಕಿದರು, ಬೋರ್ಡು ಮುಂದೆ ಜಾರಿತು. ಸ್ವಲ್ಪ ದೂರ ಹೋಗಿ ತಿರುಗಲು ನೋಡಿದವರು ಬಿದ್ದರು. ಅವರು ಮೇಲೆ ಬಂದು, ಮುಖದ ನೀರು ಉಜ್ಜಿಕೊಂಡು, ಬೋರ್ಡಿನ ಮೇಲೆ ಎದೆ ಹಾಕಿ ಹತ್ತಿಯೇಬಿಟ್ಟರು. ಬಾವಿಯ ಹುಡುಗಿ ಇನ್ನೂ ಅವರೊಳಗಿದ್ದಳು. ತ್ರಿವೇಣಿ ನೀರಿನಲ್ಲಿ ನಿಂತಲ್ಲೇ ಕೈ ಮುಗಿದಳು. ಯಾರಿಗೆಂದು ಅವಳಿಗೂ ಗೊತ್ತಿರಲಿಲ್ಲ.

ಎಲ್ಲರದೂ ಮುಗಿದ ಮೇಲೆ ಅವಳ ಸರದಿ. ಹಗ್ಗವನ್ನು ಒಳ್ಳೆಯ ಕಾಲಿಗೆ ಕಟ್ಟಿಕೊಂಡು ನಿಂತು ಹೊರಟಳು. ಹಿಂದೆ ನಗು, ಮುಂದೆ ಬೆಟ್ಟ. ಹುಟ್ಟು ಹಾಕಿದಂತೆಲ್ಲ ನೀರು ಜುಳುಜುಳು ಅನ್ನುತ್ತಿತ್ತು. ಎಲ್ಲರೂ ಸುಖವಾಗಿ ದಡ ಸೇರಿದರಲ್ಲ ಎಂಬ ನಿರಾಳ ಅವಳ ಮೈ ಹಗುರ ಮಾಡಿತ್ತು. ಆ ಹಗುರದಲ್ಲೇ ಅವಳು ಕ್ಯಾನುಗಳನ್ನು ದಾಟಿದ್ದನ್ನು ಗಮನಿಸಲಿಲ್ಲ. ಬೆನ್ನಿಗೆ ತಣ್ಣಗೆ ಗಾಳಿ ಸೋಕಿದಾಗ ತಿರುಗಿ ನೋಡಿದಳು. ದಡ ತುಂಬ ಚಿಕ್ಕದಾಗಿತ್ತು.

ಮೂಡಲ ಗಾಳಿ ಎದ್ದಿತ್ತು. ಬೋರ್ಡು ತಿರುಗಿಸಿ ಹುಟ್ಟು ಹಾಕಿದಳು. ಎರಡು ಮಾರು ಹೋದರೆ ಒಂದು ಮಾರು ಹಿಂದಕ್ಕೆ. ನಿಂತ ಮೈ ಗಾಳಿಗೆ ಹಾಯಿಯಾಗಿತ್ತು. ಗಾಳಿಯಲ್ಲಿ ಮಂಡಿಯೂರಿ ಹುಟ್ಟು ಹಾಕಬೇಕು ಎಂದು ಸ್ಪೂರ್ತಿ ಹೇಳಿದ್ದಳು. ಎಲ್ಲರ ಬಟ್ಟೆ, ಬಿ.ಪಿ., ಸೊಂಟ, ಈಜು ಎಲ್ಲವನ್ನೂ ವಿಚಾರಿಸಿದ್ದ ತ್ರಿವೇಣಿ ತನ್ನ ಮಂಡಿಯನ್ನೇ ಮರೆತಿದ್ದಳು. ಊರಲು ನೋಡಿದಳು, ರಾಡಿನ ಜಾಗದಲ್ಲಿ ಚಾಕು ಹಾಕಿದ ಹಾಗಾಯಿತು. ಹಿಂದೆ, ನೀರಿನ ಮಟ್ಟದಲ್ಲಿ, ಜಾಲಿಯ ಕೊಂಬೆಗಳ ತುದಿ ಕಾಣುತ್ತಿತ್ತು.

ಬೋರ್ಡಿನ ಮೇಲೆ ಬೋರಲಾಗಿ ಮಲಗಿದಳು. ಹುಟ್ಟನ್ನು ಹೊಟ್ಟೆಯಡಿ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ನೀರು ತೋಡಿದಳು. ಗಾಳಿಯ ಹಿಡಿತ ಕಡಿಮೆಯಾಯಿತು, ಬೋರ್ಡು ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ಆಮೇಲೆ ಸೀಟಿ ಬಾಯಿಗಿಟ್ಟು ಉದ್ದಕ್ಕೆ ಊದಿದಳು.

ದಡದಲ್ಲಿ ಆಕೃತಿಗಳು ಓಡಾಡಿದವು. ತೆಪ್ಪ ನೀರಿಗೆ ಜಾರಿದ್ದು ಕಂಡಿತು. ತೋಳು ಸೋತಿದ್ದವು, ಮುಖಕ್ಕೆ ನೀರು ಎರಚುತ್ತಿತ್ತು. ಆದರೂ ಅವಳಿಗೆ ಭಯವಾಗಲಿಲ್ಲ. ಇದು ಅವಳಿಗೇ ಸೋಜಿಗವೆನಿಸಿತು. ರಸ್ತೆ ಬದಿಯ ಜಲ್ಲಿಯ ಮೇಲೆ ಬಿದ್ದಿದ್ದಾಗ ಯಾರೂ ಬರಲ್ಲ ಅನ್ನಿಸಿತ್ತು. ಈಗ, ಸುತ್ತ ನೀರು, ಅಡಿಯಲ್ಲಿ ಮುಳ್ಳು, ಆದರೂ ಬರುತ್ತಾರೆ ಎಂದು ಗೊತ್ತಿತ್ತು. ನಂಬಿಕೆಯೂ ಅಲ್ಲ ಅದು. ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಿರುವಷ್ಟೇ ಸಲೀಸಾಗಿ ಗೊತ್ತಿತ್ತು. ಹೀಗೆ ಗೊತ್ತಿರುವಂಥ ಬದುಕು ತನ್ನದಾಯಿತಲ್ಲ ಎಂದು, ಕೆನ್ನೆಯನ್ನು ಒದ್ದೆ ರಬ್ಬರಿಗೆ ಒತ್ತಿಕೊಂಡು, ನೀರು ತೋಡುತ್ತಾ ತೋಡುತ್ತಾ ಅವಳು ಅತ್ತಳು.

ಅಂಜಿನಪ್ಪ ಗಳ ಹಾಕುತ್ತಾ ಬಂದ. ತೆಪ್ಪದಲ್ಲಿ ನಾಗೇಶ್ ಜಾಕೆಟ್ ಸಮೇತ ಕೂತು ಹಗ್ಗ ಎಸೆದ. ಮೊದಲನೇ ಸಲ ತಪ್ಪಿತು, ಎರಡನೇ ಸಲ ಸಿಕ್ಕಿತು. "ಗಟ್ಟಿ ಹಿಡ್ಕ!" ಎಂದು ಅವಳಿಗೂ, "ರೈಟ್!" ಎಂದು ಅಂಜಿನಪ್ಪನಿಗೂ ಕೂಗಿದ.

ದಡದಲ್ಲಿ ಭುವನಾ ಮೊದಲು ಕಾಲು ಮುಟ್ಟಿ ನೋಡಿದಳು, ಆಮೇಲೆ ಬೈದಳು. ಸ್ಪೂರ್ತಿಯ ಮುಖ ಬಿಳಿಚಿಕೊಂಡಿತ್ತು. "ನಿಮ್ ಮಂಡಿ ವಿಷಯ ನಾನೂ ಮರ್ತುಬಿಟ್ಟೆ ಅಕ್ಕಾ" ಎಂದಳು. "ಮರೀಬೇಕಾದ್ದೇ, ನಾನೇ ಮರ್ತಿದ್ದೆನಲ್ಲ" ಎಂದು ತ್ರಿವೇಣಿ ಅವಳ ಕೈ ಒತ್ತಿದಳು. ಮೀನಾಕ್ಷಮ್ಮ ಟವೆಲ್ಲು ಹಿಡಿದು ಬಂದು ತಲೆ ಒರೆಸತೊಡಗಿದರು. "ನಾನೇ ಹಾರ್ತಿದ್ದೆ, ಈ ಹುಡ್ಗಿ ಬಿಡ್ಲಿಲ್ಲ" ಎಂದು ಸ್ಪೂರ್ತಿಯ ಕಡೆ ದೂರಿದರು.

"ನಿಮಗೆಲ್ಲಾ ಏನಾದ್ರೂ ಕೊಡ್ಬೇಕಂತ ಕರ್ಕಂಡ್ ಬಂದೆ ಕಣಮ್ಮಾ" ಅಂದಳು ತ್ರಿವೇಣಿ. "ನೋಡಿದ್ರೆ ಮತ್ತೆ ನೀವೇ..."

"ಏನ್ ಮತ್ತೆ ನಾವೇ?" ಮೀನಾಕ್ಷಮ್ಮ ಒರೆಸುವುದನ್ನು ನಿಲ್ಲಿಸಲಿಲ್ಲ. "ಈ ವಯಸ್ಸಿನಾಗೆ ನನ್ನ ನೀರಿನ ಮೇಲೆ ನಿಲ್ಸಿದೋರು ಯಾರು? ಸುಮ್ನಿರೇ. ಲೆಕ್ಕ ಹಾಕೋದು ಬಸ್ಸಿನಾಗಿರ್ಲಿ."

ತ್ರಿವೇಣಿ ಹೇಳಬೇಕೆಂದು ವಾರದಿಂದ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳು ಬಹಳ ಇದ್ದವು. ಒಂದೂ ಬೇಕಾಗಲಿಲ್ಲ. ಭುವನಾ ರೊಟ್ಟಿ ಮುರಿದು ಅವಳ ಕೈಗೆ ಕೊಟ್ಟಳು, ಅಂಜಿನಪ್ಪನನ್ನೂ ಕೂಗಿ ಕರೆದು ಜಮಖಾನದ ಮೇಲೆ ಕೂರಿಸಿದರು. ಅವನು ಎರಡು ರೊಟ್ಟಿ ತಿಂದು, ಕೈ ತೊಳೆದು, ಬೋರ್ಡನ್ನೇ ನೋಡುತ್ತಾ ಕೂತ. ಕೊನೆಗೆ ತಡೆಯಲಾರದೆ ಕೇಳಿದ.

"ಅಲ್ಲ ಕಣಮ್ಮಾ, ಗಾಳಿ ನಿಂತ್ಮೇಲೆ ಒಂದ್ಸಲ ನಾನೂ ಹತ್ಬೋದಾ?"

ಎಲ್ಲರೂ ಒಟ್ಟಿಗೆ ನಕ್ಕರು. ತ್ರಿವೇಣಿ ಎದ್ದು, ಮಿಕ್ಕಿದ್ದ ಒಂದು ಜಾಕೆಟ್ಟನ್ನು ತಂದು ಅವನ ಮುಂದೆ ಹಿಡಿದಳು.